ದಿನವಿಡೀ ಏನು ಕೆಲಸ ಮಾಡುತ್ತಿದ್ದೆ?

ಎರಡು ವರ್ಷದ ಹಿಂದೆ ಒಂದು ಸಂಜೆ ಅಕ್ಕನ ಮಗನನ್ನು ಕರೆದುಕೊಂಡು ಬೆಂಗಳೂರಿನ ಗಾಂಧಿನಗರದಲ್ಲಿ ವಕೀಲರೊಬ್ಬರ ಕಚೇರಿಗೆ ಹೋಗಿದ್ದೆ. ಅದರ ಹಿಂದಿನ ಶುಕ್ರವಾರ ಅವನ ಕೆಲಸ ಹೋಗಿತ್ತು. ಮಧ್ಯಾಹ್ನ ಮೂರಕ್ಕೆ ಎಚ್‌ಆರ್ ಕೋಣೆಗೆ ಕರೆಸಿ, ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿ, ನೀವಾಗಿಯೇ ರಾಜೀನಾಮೆ ಕೊಟ್ಟರೆ ಅನುಭವ ಪತ್ರ ಚೆನ್ನಾಗಿರುತ್ತದೆ, ಇಲ್ಲದಿದ್ದರೆ ವಜಾ ಎಂದು ಬರೆಯಬೇಕಾಗುತ್ತದೆ ಎಂದರಂತೆ. ಅರ್ಧ ಗಂಟೆಯಲ್ಲಿ ರಾಜೀನಾಮೆ ಟೈಪ್ ಮಾಡಿ ಕಳಿಸಿದ್ದ. ನಾಲ್ಕು ಗಂಟೆಗೆ ಅವನ ಕಾರ್ಡಿಗೆ ಗೇಟು ತೆರೆಯಲಿಲ್ಲ. ಎಂಟು ವರ್ಷ ದುಡಿದ ಜಾಗ.

ಅಲ್ಲಿಗೆ ಬರುವ ಮೊದಲು ಇನ್ನಿಬ್ಬರು ವಕೀಲರನ್ನು ನೋಡಿದ್ದೆವು. ಒಬ್ಬರು ನಮ್ಮ ಮನೆಯ ಪಾಲು ಪಾರೀಕತ್ತಿನ ಕೇಸು ನಡೆಸಿದವರು, ಬಹಳ ಒಳ್ಳೆಯವರು. ಐವತ್ತು ಲಕ್ಷ ಪರಿಹಾರ ಕೇಳಿ ನಾಳೆಯೇ ನೋಟಿಸ್ ಕಳಿಸೋಣ ಎಂದರು. ಇನ್ನೊಬ್ಬರು, ಪ್ರೈವೇಟ್ ಕಂಪನಿ, ಅದರಲ್ಲೂ ರಾಜೀನಾಮೆ ಕೊಟ್ಟಾಗಿದೆ, ಏನೂ ಮಾಡಲು ಬರುವುದಿಲ್ಲ ಎಂದು ಐದು ನಿಮಿಷದಲ್ಲಿ ಎದ್ದರು. ಮೂರನೆಯವರ ಮುಂದೆ ಕುಳಿತಾಗ ನಾವು ಅನ್ಯಾಯದ ಕಥೆಯನ್ನು ಮೊದಲಿಂದ ಹೇಳಲು ತಯಾರಾಗಿದ್ದೆವು. ಅವರು ಕೇಳಿದ್ದು ಬೇರೆ.

"ದಿನವಿಡೀ ಏನಪ್ಪಾ ಕೆಲಸ ಮಾಡ್ತಿದ್ದೆ?"

"ಟೀಮ್ ಲೀಡ್, ಸರ್."

"ಅದು ಕಾರ್ಡ್ ಮೇಲೆ ಬರೆದಿರೋದು. ಬೆಳಗ್ಗೆ ಹೋಗಿ ಕೂತ್ಮೇಲೆ ಕೈಯಲ್ಲಿ ಏನ್ ಮಾಡ್ತಿದ್ದೆ? ಯಾರಿಗಾದ್ರೂ ರಜೆ ಮಂಜೂರು ಮಾಡೋ ಅಧಿಕಾರ ಇತ್ತಾ? ಯಾರನ್ನಾದ್ರೂ ಕೆಲಸಕ್ಕೆ ತಗೊಳ್ಳೋದು, ತೆಗೆಯೋದು?"

ಇರಲಿಲ್ಲ. ಕೋಡ್ ಬರೆಯುತ್ತಿದ್ದ, ನಾಲ್ಕು ಜನ ಬರೆದ ಕೋಡನ್ನು ಪರಿಶೀಲಿಸುತ್ತಿದ್ದ, ಸಂಜೆ ಒಂದು ವರದಿ ಕಳಿಸುತ್ತಿದ್ದ. ವಕೀಲರು ಇಪ್ಪತ್ತು ನಿಮಿಷ ಇದನ್ನೇ ಕೆದಕಿದರು. ನನಗೆ ಆಗ ಸ್ವಲ್ಪ ಅಸಹನೆಯೂ ಆಯಿತು. ಈಗ ಯಾರಾದರೂ ಕೆಲಸ ಕಳೆದುಕೊಂಡು ಯಾವ ವಕೀಲರ ಬಳಿ ಹೋಗಲಿ ಎಂದು ಕೇಳಿದರೆ ನಾನು ಕೊಡುವ ಗುರುತು ಅದೇ: ನಿಮಗೆ ಏನಾಯಿತು ಎಂದು ಕೇಳುವ ಮೊದಲು ನೀವು ಏನು ಮಾಡುತ್ತಿದ್ದಿರಿ ಎಂದು ಕೇಳುವವರ ಬಳಿ ಹೋಗಿ.

ಕಾರಣ ಕಾನೂನಿನಲ್ಲೇ ಇದೆ. ನಮ್ಮಲ್ಲಿ ಕೆಲಸದಿಂದ ತೆಗೆದವರಿಗೆಲ್ಲ ಒಂದೇ ಬಾಗಿಲಿಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯ್ದೆ 'ಕಾರ್ಮಿಕ' ಯಾರು ಎಂದು ವಿವರಿಸಿತು. ದೈಹಿಕ, ತಾಂತ್ರಿಕ, ಗುಮಾಸ್ತಿಕೆಯ ಕೆಲಸ ಮಾಡುವವರು ಅದರೊಳಗೆ ಬಂದರು. ಮುಖ್ಯವಾಗಿ ಆಡಳಿತ ನಡೆಸುವವರು, ಒಂದು ಮಿತಿಗಿಂತ ಹೆಚ್ಚು ಸಂಬಳ ಪಡೆಯುವ ಮೇಲ್ವಿಚಾರಕರು ಹೊರಗುಳಿದರು. ಮೇಲ್ವಿಚಾರಕರ ಆ ಮಿತಿ ತಿಂಗಳಿಗೆ 10,000 ರೂಪಾಯಿ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು 18,000ಕ್ಕೆ ಏರಿಸಿದೆ. ತಾಂತ್ರಿಕ ಕೆಲಸ ಮಾಡುವವರಿಗೆ ಇಂಥ ಸಂಬಳದ ಮಿತಿಯೇ ಇಲ್ಲ. ತಿಂಗಳಿಗೆ ಒಂದೂವರೆ ಲಕ್ಷ ಪಡೆಯುವ ಪ್ರೋಗ್ರಾಮರ್ ಕಾರ್ಮಿಕ ಆಗಬಹುದು, ಮೂವತ್ತು ಸಾವಿರ ಪಡೆಯುವ ಮ್ಯಾನೇಜರ್ ಆಗದೇ ಇರಬಹುದು. ಹುದ್ದೆಯ ಹೆಸರನ್ನಲ್ಲ, ಮುಖ್ಯವಾಗಿ ಮಾಡುತ್ತಿದ್ದ ಕೆಲಸವನ್ನು ನೋಡಬೇಕು ಎಂದು ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದೆ. 2015ರಲ್ಲಿ ಕೆಲಸ ಕಳೆದುಕೊಂಡ ಚೆನ್ನೈನ ಐಟಿ ನೌಕರರೊಬ್ಬರು 2022ರಲ್ಲಿ ಅಲ್ಲಿನ ಕಾರ್ಮಿಕ ನ್ಯಾಯಾಲಯದಿಂದ ಮರುನೇಮಕದ ಆದೇಶ ಪಡೆದದ್ದು ಇದೇ ವಾದದ ಮೇಲೆ. ನಾನು ಮ್ಯಾನೇಜರ್ ಅಲ್ಲ, ಹೆಸರಿಗಷ್ಟೇ ಹಾಗಿದ್ದೆ, ಮಾಡುತ್ತಿದ್ದುದು ತಾಂತ್ರಿಕ ಕೆಲಸ ಎಂದು ಅವರು ತೋರಿಸಿಕೊಟ್ಟರು. ಅದಕ್ಕೆ ಏಳು ವರ್ಷ ಹಿಡಿಯಿತು ಎಂಬುದನ್ನೂ ಮರೆಯಬಾರದು.

ಕಾರ್ಮಿಕ ಎಂದಾದರೆ ಕೈಗೆ ಬರುವ ಬಲವೇ ಬೇರೆ. ದುರ್ನಡತೆಯ ಆರೋಪವಿದ್ದರೆ ಆರೋಪ ಪತ್ರ ಕೊಟ್ಟು ವಿಚಾರಣೆ ನಡೆಸಬೇಕು. ಹೆಚ್ಚುವರಿ ಎಂದು ತೆಗೆಯುವುದಾದರೆ ವರ್ಷವಿಡೀ ಸೇವೆ ಸಲ್ಲಿಸಿದವನಿಗೆ (ಕಾನೂನಿನ ಲೆಕ್ಕದಲ್ಲಿ ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ) ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ವೇತನ ಕೊಡಬೇಕು, ಸರ್ಕಾರಕ್ಕೂ ತಿಳಿಸಬೇಕು. ಶಿಕ್ಷೆ ಅತಿಯಾಯಿತು ಎನಿಸಿದರೆ ನ್ಯಾಯಾಲಯ ಅದನ್ನು ಇಳಿಸಬಹುದು, ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಿ ಎನ್ನಬಹುದು. ಕಾರ್ಮಿಕ ಅಲ್ಲವಾದರೆ ಹೆಚ್ಚಿನಂಶ ಉಳಿಯುವುದು ನೇಮಕಾತಿ ಪತ್ರದ ಷರತ್ತು. ಖಾಸಗಿ ಉದ್ಯೋಗದ ಕರಾರನ್ನು ಮುಂದುವರಿಸಿ ಎಂದು ಸಿವಿಲ್ ನ್ಯಾಯಾಲಯ ಸಾಮಾನ್ಯವಾಗಿ ಹೇಳುವುದಿಲ್ಲ. ಪರಿಹಾರ ಕೊಡಿಸಬಹುದು, ಅದೂ ಬಹುಪಾಲು ನೋಟಿಸ್ ಅವಧಿಯ ಸಂಬಳದ ಸುತ್ತಮುತ್ತಲೇ ನಿಲ್ಲುತ್ತದೆ. ನಮ್ಮ ಪಾರೀಕತ್ತಿನ ವಕೀಲರು ಹೇಳಿದ ಐವತ್ತು ಲಕ್ಷ ಎಲ್ಲಿಂದಲೂ ಬರುತ್ತಿರಲಿಲ್ಲ. ಏನೂ ಮಾಡಲಾಗದು ಎಂದವರ ಮಾತೂ ಅಷ್ಟೇ ತಪ್ಪಾಗಿತ್ತು. ಇಬ್ಬರೂ ಆ ಒಂದು ಪ್ರಶ್ನೆ ಕೇಳಿರಲಿಲ್ಲ.

ಈ ಎರಡರ ನಡುವೆ ಕರ್ನಾಟಕದಲ್ಲಿ ಇನ್ನೊಂದು ದಾರಿಯಿದೆ. ಅಂಗಡಿ, ಹೋಟೆಲ್, ಕಚೇರಿಗಳಲ್ಲಿ ದುಡಿಯುವ ಎಷ್ಟೋ ಜನಕ್ಕೆ ಅದರ ಹೆಸರೇ ಗೊತ್ತಿಲ್ಲ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಆರು ತಿಂಗಳು ಎಡೆಬಿಡದೆ ಕೆಲಸ ಮಾಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳವಿಲ್ಲದೆ ತೆಗೆಯುವಂತಿಲ್ಲ. ವಿಚಾರಣೆಯಲ್ಲಿ ದುರ್ನಡತೆ ಸಾಬೀತಾದರೆ ನೋಟಿಸ್ ಬೇಡ. ತೆಗೆದರೆ ಕಾರ್ಮಿಕ ಇಲಾಖೆಯ ಕಡೆಯಿಂದ ನೇಮಕವಾದ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ಆಡಳಿತದ ಹುದ್ದೆಯಲ್ಲಿರುವವರಿಗೆ ಇದು ಅನ್ವಯಿಸುವುದಿಲ್ಲ. ಮಲ್ಲೇಶ್ವರದ ಬಟ್ಟೆ ಅಂಗಡಿಯ ಸೇಲ್ಸ್ ಹುಡುಗಿಗೆ, ಚಿಕ್ಕಪೇಟೆಯ ಲೆಕ್ಕ ಬರೆಯುವವರಿಗೆ ಈ ಸೆಕ್ಷನ್ ಎಷ್ಟು ದೊಡ್ಡ ಆಸರೆ! ಮೊದಲ ಭೇಟಿಯಲ್ಲಿ ಇದರ ಸುದ್ದಿ ತೆಗೆಯುವ ವಕೀಲರಿಗೆ ವಿಷಯ ಗೊತ್ತಿದೆ ಎಂದು ನಂಬಬಹುದು.

ಉಳಿದವರ ದಾರಿಗಳು ಬೇರೆ ಬೇರೆ. ಖಾಸಗಿ ಶಾಲೆ ಕಾಲೇಜುಗಳ ಶಿಕ್ಷಕರನ್ನು ಕಾರ್ಮಿಕರೆಂದು ನ್ಯಾಯಾಲಯಗಳು ಒಪ್ಪಿಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆಯ ವ್ಯಾಪ್ತಿಯಲ್ಲಿರುವವರು ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು, ಅದೂ ಮೂರು ತಿಂಗಳೊಳಗೆ. ಸಹಕಾರ ಸಂಘದ ನೌಕರರಿಗೆ ಸಹಕಾರ ಸಂಘಗಳ ಕಾಯ್ದೆಯ 70ನೇ ಸೆಕ್ಷನ್ ಇದೆ. ರಾಜ್ಯ ಸರ್ಕಾರಿ ನೌಕರರು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗುತ್ತಾರೆ. ಬ್ಯಾಂಕಿನವರ ವಿವಾದ ರಾಜ್ಯದ ಕಾರ್ಮಿಕ ಇಲಾಖೆಗೆ ಸೇರದು, ಕೇಂದ್ರದ ಕಾರ್ಮಿಕ ಆಯುಕ್ತರ ಕಚೇರಿಗೆ ಸೇರುತ್ತದೆ. ಊಟ, ಸಾಮಾನು ತಲುಪಿಸುವ ಹುಡುಗರ ಐಡಿ ಏಕಾಏಕಿ ಬ್ಲಾಕ್ ಮಾಡುವುದಕ್ಕೆ ಎದುರಾಗಿ 2025ರ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆ ಲಿಖಿತ ಕಾರಣ ಮತ್ತು 14 ದಿನಗಳ ಮುನ್ಸೂಚನೆ ಬೇಕೆನ್ನುತ್ತದೆ. ತಪ್ಪು ಬಾಗಿಲು ತಟ್ಟಿ ಎರಡು ವರ್ಷ ಕಾದು, ನಿಮ್ಮ ಅರ್ಜಿ ಇಲ್ಲಿ ನಿಲ್ಲುವುದಿಲ್ಲ ಎಂದು ಹೇಳಿಸಿಕೊಂಡು ಬಂದವರ ಸಂಕಟ ಕೆಲಸ ಹೋದ ದಿನದ ಸಂಕಟಕ್ಕಿಂತ ದೊಡ್ಡದು.

ಹಾಗಾದರೆ ಇಂಥ ವಕೀಲರನ್ನು ಹುಡುಕುವುದು ಎಲ್ಲಿ? ವೈದ್ಯರ ಬೋರ್ಡಿನಂತೆ ವಕೀಲರ ಬೋರ್ಡು ಕಣ್ಣಿಗೆ ಬೀಳುವುದಿಲ್ಲ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ವಕೀಲರು ಜಾಹೀರಾತು ಮಾಡುವುದನ್ನು, ಕಕ್ಷಿದಾರರನ್ನು ಹುಡುಕಿಕೊಂಡು ಹೋಗುವುದನ್ನು ನಿಷೇಧಿಸುತ್ತದೆ. ಅಂತರ್ಜಾಲದಲ್ಲಿ 'ನಂಬರ್ ಒನ್ ಲೇಬರ್ ವಕೀಲರು' ಎಂದು ಅಂಕ, ನಕ್ಷತ್ರ ಕೊಟ್ಟು ವಕೀಲರನ್ನು ತೋರಿಸುವ ತಾಣಗಳ ವಿರುದ್ಧ ಕ್ರಮ ಕೈಗೊಳ್ಳಬೇಕೆಂದು ಮದ್ರಾಸ್ ಹೈಕೋರ್ಟ್ 2024ರ ಜುಲೈನಲ್ಲಿ ಪರಿಷತ್ತಿಗೆ ಹೇಳಿತು. ಆದ್ದರಿಂದ ಗಟ್ಟಿಯಾಗಿ ಕೂಗಿ ಕರೆಯುವವರನ್ನು ಬಿಟ್ಟು ಹುಡುಕಬೇಕು.

ನನಗೆ ತಿಳಿದ ಅತಿ ಒಳ್ಳೆಯ ಜಾಗ ಕಾರ್ಮಿಕ ಸಂಘಗಳ ಕಚೇರಿ. ಎಐಟಿಯುಸಿ, ಸಿಐಟಿಯು, ಎಚ್‌ಎಂಎಸ್, ಯಾವುದೇ ಇರಲಿ. ನೀವು ಸದಸ್ಯರಲ್ಲದಿದ್ದರೂ ಹೋಗಿ ಕೇಳಬಹುದು. ಬೆಂಗಳೂರಿನ ಐಟಿ ನೌಕರರಿಗೆ 2017ರಲ್ಲಿ ಹುಟ್ಟಿದ ಕಿಟು ಸಂಘವಿದೆ. ಯಾವ ವಕೀಲರು ಕಾರ್ಮಿಕರ ಪರ, ಯಾರು ಮ್ಯಾನೇಜ್‌ಮೆಂಟ್ ಪರ ಎಂಬುದು ಅಲ್ಲಿನವರಿಗೆ ಬಾಯಿಪಾಠ. ಈ ಕ್ಷೇತ್ರದಲ್ಲಿ ಆ ಗೆರೆ ಬಹಳ ಸ್ಪಷ್ಟ. ಹತ್ತಾರು ಕಂಪನಿಗಳಿಗೆ ಸಲಹೆ ಕೊಡುವವರು ನೌಕರನ ಕೇಸು ಹಿಡಿಯುವುದು ಕಡಿಮೆ. ನಿಮ್ಮ ಕಂಪನಿಗೋ ಅದರ ಸೋದರ ಸಂಸ್ಥೆಗೋ ಈ ವಕೀಲರು ಕೆಲಸ ಮಾಡಿದ್ದಾರೆಯೇ ಎಂದು ಕಥೆ ಬಿಚ್ಚುವ ಮೊದಲೇ ಕೇಳಿ. ಹಾಗೆ ಕೇಳಿದರೆ ಬೇಸರ ಪಡುವವರಿಗಿಂತ, ಹೌದು, ನಾನು ತೆಗೆದುಕೊಳ್ಳಲಾರೆ ಎನ್ನುವವರೇ ಹೆಚ್ಚು.

ಎರಡನೆಯ ಉಪಾಯ ನ್ಯಾಯಾಲಯದ ದಾಖಲೆಯೇ. ಕರ್ನಾಟಕ ಹೈಕೋರ್ಟಿನ ಆದೇಶಗಳಲ್ಲಿ ರಿಟ್ ಅರ್ಜಿಯ ಸಂಖ್ಯೆಯ ಪಕ್ಕ ಕಂಸದಲ್ಲಿ ಕೆಲವು ಅಕ್ಷರಗಳಿರುತ್ತವೆ. ಅಲ್ಲಿ 'ಎಲ್-ಟಿಇಆರ್' ಎಂದಿದ್ದರೆ ಅದು ಕಾರ್ಮಿಕರ ವಜಾ ಪ್ರಕರಣ. ಅಂಥ ನಾಲ್ಕಾರು ಆದೇಶಗಳನ್ನು ತೆರೆದು, ಕಾರ್ಮಿಕನ ಪರ ಯಾರು ವಾದಿಸಿದ್ದಾರೆ ಎಂದು ನೋಡಿದರೆ ಹೆಸರುಗಳು ಮತ್ತೆ ಮತ್ತೆ ಕಾಣುತ್ತವೆ. ವಕೀಲರ ಹೆಸರು ಹಾಕಿ ಪ್ರಕರಣ ಹುಡುಕುವ ಸೌಲಭ್ಯ ಇ-ಕೋರ್ಟ್ಸ್ ತಾಣದಲ್ಲಿದೆ. ಸನ್ನದು ಸಂಖ್ಯೆ ಕೇಳುವುದರಲ್ಲಿಯೂ ತಪ್ಪಿಲ್ಲ. ಕರ್ನಾಟಕದಲ್ಲಿ ಅದು 'ಕೆಎಆರ್' ಎಂಬ ಅಕ್ಷರಗಳಿಂದ ಶುರುವಾಗುತ್ತದೆ.

ದುಡ್ಡಿಲ್ಲ ಎಂದು ಹಿಂಜರಿಯುವವರಿಗೆ ಒಂದು ಮಾತು ಒತ್ತಿ ಹೇಳಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಉಚಿತ ನೆರವಿಗೆ ಅರ್ಹರಾದವರಲ್ಲಿ ಕೈಗಾರಿಕಾ ಕಾರ್ಮಿಕರನ್ನು ಹೆಸರಿಸಿಯೇ ಹೇಳುತ್ತದೆ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಇವರಿಗೆ ಆದಾಯದ ಮಿತಿಯ ಪ್ರಶ್ನೆಯೇ ಬರುವುದಿಲ್ಲ. ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಹಾಕುತ್ತಿದ್ದ ಹೆಣ್ಣುಮಗಳು ಎರಡು ಕಾರಣಕ್ಕೆ ಅರ್ಹಳು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟರೆ ಸಾಕು, 15100 ಸಹಾಯವಾಣಿಯೂ ಇದೆ. ಅರ್ಜಿಯಲ್ಲಿ ಕಾರ್ಮಿಕ ಪ್ರಕರಣಗಳ ಅನುಭವವಿರುವ ವಕೀಲರು ಬೇಕೆಂದು ಸ್ಪಷ್ಟವಾಗಿ ಬರೆಯಿರಿ.

ಶುಲ್ಕದ ವಿಷಯದಲ್ಲಿ ಜನರಿಗೆ ಸಂಕೋಚ ಹೆಚ್ಚು. ಸಮಾಲೋಚನೆಗೆ ಎಷ್ಟು, ಸಂಧಾನದ ಹಂತಕ್ಕೆ ಎಷ್ಟು, ನ್ಯಾಯಾಲಯಕ್ಕೆ ಹೋದರೆ ಎಷ್ಟು ಎಂದು ಬಿಡಿಬಿಡಿಯಾಗಿ ಕೇಳಿ ಬರೆಸಿಕೊಳ್ಳಿ. ಗೆದ್ದರೆ ಬಂದದ್ದರಲ್ಲಿ ಇಷ್ಟು ಪಾಲು ಎಂಬ ಒಪ್ಪಂದವನ್ನು ವಕೀಲರ ನಿಯಮಗಳು ಒಪ್ಪುವುದಿಲ್ಲ. ಹಾಗೆ ಹೇಳುವವರಿಂದ ದೂರವಿರಿ. ಸಮಾಲೋಚನೆಗೆ ಹೋದ ದಿನವೇ ವಕಾಲತ್ತಿಗೆ ಸಹಿ ಹಾಕಬೇಕೆಂದಿಲ್ಲ, ಖಾಲಿ ಹಾಳೆಗಂತೂ ಯಾವ ದಿನವೂ ಹಾಕಬೇಡಿ. ಮೂಲ ದಾಖಲೆಗಳು ನಿಮ್ಮ ಬೀರುವಿನಲ್ಲಿರಲಿ, ನಕಲುಗಳನ್ನು ಕೊಡಿ. ಶುಲ್ಕ ಬಾಕಿಯಿದೆ ಎಂದು ವಕೀಲರು ಕಕ್ಷಿದಾರನ ಕಡತ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ.

ಮೊದಲ ಭೇಟಿಗೆ ಏನು ಒಯ್ಯಬೇಕು? ನೇಮಕಾತಿ ಪತ್ರ, ಸಂಬಳದ ಚೀಟಿಗಳು, ಬಡ್ತಿ ಪತ್ರಗಳು, ಎಚ್‌ಆರ್ ಜತೆಗಿನ ಮೇಲ್‌ಗಳು, ಶೋಕಾಸ್ ನೋಟಿಸ್ ಬಂದಿದ್ದರೆ ಅದು, ಪಿಎಫ್ ಪಾಸ್‌ಬುಕ್. ಎಷ್ಟೋ ಕಾರ್ಖಾನೆಗಳಲ್ಲಿ ನೇಮಕಾತಿ ಪತ್ರವೇ ಕೊಡುವುದಿಲ್ಲ. ಆಗ ಪಿಎಫ್ ಮತ್ತು ಇಎಸ್‌ಐ ದಾಖಲೆ, ಬ್ಯಾಂಕಿಗೆ ಬಿದ್ದ ಸಂಬಳ, ಗೇಟ್ ಪಾಸ್, ಸಮವಸ್ತ್ರದಲ್ಲಿರುವ ಫೋಟೊ ಎಲ್ಲವೂ ಸಾಕ್ಷಿ. ಇವುಗಳಿಗಿಂತ ಬೆಲೆಬಾಳುವುದು ನೀವೇ ಬರೆದ ಒಂದು ಹಾಳೆ: ಕೆಲಸಕ್ಕೆ ಸೇರಿದ ದಿನದಿಂದ ಕೊನೆಯ ದಿನದವರೆಗೆ ತಾರೀಕುಗಳ ಪಟ್ಟಿ, ಅದರ ಕೆಳಗೆ ಒಂದು ಸಾಮಾನ್ಯ ದಿನದಲ್ಲಿ ಗಂಟೆ ಗಂಟೆಗೆ ಮಾಡುತ್ತಿದ್ದ ಕೆಲಸ. ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸಬೇಡಿ, ಫೋನ್ ಬದಲಿಸಬೇಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಬೇಕಾಗುತ್ತದೆ. ಬರೀ ಸ್ಕ್ರೀನ್‌ಶಾಟ್ ಮುದ್ರಿಸಿಕೊಂಡು ಹೋದರೆ ಎದುರಿನವರು ತಕರಾರು ತೆಗೆಯುತ್ತಾರೆ. ಹಾಗೆಂದು ಕಂಪನಿಯ ಕೋಡನ್ನೋ ಗ್ರಾಹಕರ ಮಾಹಿತಿಯನ್ನೋ ಪೆನ್‌ಡ್ರೈವಿಗೆ ತುಂಬಿಕೊಂಡು ಬರಬೇಡಿ, ಅದುವೇ ನಿಮ್ಮ ಮೇಲಿನ ಹೊಸ ಆರೋಪವಾಗುತ್ತದೆ.

ಕಾಲದ ಲೆಕ್ಕವನ್ನು ವಕೀಲರ ಬಾಯಿಂದ ಮೊದಲ ದಿನವೇ ಕೇಳಿಸಿಕೊಳ್ಳಬೇಕು. ಹಳೆಯ ಕಾಯ್ದೆಯಲ್ಲಿ ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಳೆದ ಮೇಲೆ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದಿತ್ತು, ವಜಾ ಆದ ದಿನದಿಂದ ಮೂರು ವರ್ಷದೊಳಗೆ. ಆ ಕಾಯ್ದೆಗೆ ಈ ಸೌಲಭ್ಯ ಸೇರುವುದಕ್ಕೂ ಎಷ್ಟೋ ಮೊದಲು, 1988ರಲ್ಲಿ, ಕರ್ನಾಟಕ ತನ್ನದೇ ತಿದ್ದುಪಡಿ ತಂದು ಆರು ತಿಂಗಳೊಳಗೆ ನೇರ ಅರ್ಜಿಗೆ ದಾರಿ ಮಾಡಿಕೊಟ್ಟಿತ್ತು. ಹೊಸ ಸಂಹಿತೆ 45 ದಿನಗಳನ್ನು ಹಾಗೇ ಉಳಿಸಿ ಮೂರು ವರ್ಷವನ್ನು ಎರಡಕ್ಕೆ ಇಳಿಸಿದೆ. ನಿಮ್ಮ ಕೆಲಸ ಹೋದದ್ದು 2025ರ ನವೆಂಬರ್ 21ಕ್ಕೆ ಮೊದಲೋ ಆಮೇಲೋ ಎಂಬುದೇ ಈಗ ಒಂದು ಕಾನೂನು ಪ್ರಶ್ನೆ. ಅದನ್ನು ಕೇಳದ ವಕೀಲರು ಹೊಸ ಸಂಹಿತೆಯನ್ನು ಇನ್ನೂ ಓದಿಲ್ಲ ಎಂದೇ ತಿಳಿಯಿರಿ. ಬಾಕಿ ಸಂಬಳದ ಗಡುವಂತೂ ಇನ್ನೂ ಚಿಕ್ಕದು: ವೇತನ ಸಂಹಿತೆಯ ಪ್ರಕಾರ ಕೆಲಸ ಬಿಟ್ಟ ಅಥವಾ ಬಿಡಿಸಿದ ಎರಡು ಕೆಲಸದ ದಿನಗಳೊಳಗೆ ಕೊಡಬೇಕು. 'ಫುಲ್ ಆ್ಯಂಡ್ ಫೈನಲ್' ಕಾಗದಕ್ಕೆ, ನನಗೆ ಇನ್ಯಾವ ಹಕ್ಕೂ ಇಲ್ಲ ಎಂಬ ಸಾಲಿನ ಕೆಳಗೆ, ಸಹಿ ಹಾಕಿದರೆ ಮಾತ್ರ ಆ ದುಡ್ಡು ಎಂದು ಹೇಳುವವರಿದ್ದಾರೆ. ನಿಮ್ಮದೇ ದುಡಿಮೆಯ ಹಣಕ್ಕೆ ಅಂಥ ಷರತ್ತು ಹಾಕುವುದು ಅನ್ಯಾಯ. ಆ ಕಾಗದ ಕೈಗೆ ಬಂದ ಕ್ಷಣವೇ ವಕೀಲರನ್ನು ನೋಡುವ ಸಮಯ. ಸಹಿ ಬಿದ್ದ ಮೇಲೆ ಹೋದರೆ ಅವರ ಅರ್ಧ ಶಕ್ತಿ ಆ ಸಹಿಯನ್ನು ವಿವರಿಸುವುದರಲ್ಲೇ ಹೋಗುತ್ತದೆ.

ಸಂಧಾನದ ಸಭೆಗೆ ವಕೀಲರು ನಿಮ್ಮ ಪರವಾಗಿ ಬರುವಂತಿಲ್ಲ. ಇದನ್ನು ಕೇಳಿ ಅಚ್ಚರಿಪಡದವರನ್ನು ನಾನು ಕಂಡಿಲ್ಲ. ಹಳೆಯ ಕಾಯ್ದೆಯ 36ನೇ ಸೆಕ್ಷನ್ ಹಾಗೆ ಹೇಳುತ್ತಿತ್ತು, ಹೊಸ ಸಂಹಿತೆಯೂ ಅದನ್ನೇ ಹೇಳುತ್ತದೆ. ಸಂಘದ ಪದಾಧಿಕಾರಿ ಬರಬಹುದು. ನ್ಯಾಯಮಂಡಳಿಯಲ್ಲಿಯೂ ಎದುರು ಪಕ್ಷದವರ ಒಪ್ಪಿಗೆ, ನ್ಯಾಯಾಧೀಶರ ಅನುಮತಿ ಇದ್ದರೆ ಮಾತ್ರ ವಕೀಲರಿಗೆ ಪ್ರವೇಶ. ಬಡ ಕಾರ್ಮಿಕನ ಎದುರು ದುಬಾರಿ ವಕೀಲರ ಸಾಲು ನಿಲ್ಲಬಾರದು ಎಂಬ ಕಾಳಜಿಯಿಂದ ಹುಟ್ಟಿದ ನಿಯಮ ಇದು, ನಾನು ಅದನ್ನು ಗೌರವಿಸುತ್ತೇನೆ. ಹಾಗಾಗಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲೋ ನಿಮ್ಮ ಜಿಲ್ಲೆಯ ಕಾರ್ಮಿಕ ಅಧಿಕಾರಿಯ ಕಚೇರಿಯಲ್ಲೋ ಕಂಪನಿಯವರ ಎದುರು ಕುಳಿತು ಮಾತನಾಡಬೇಕಾದವರು ನೀವೇ. ಸಮಾಲೋಚನೆಯ ಮುಕ್ಕಾಲು ಭಾಗ ಆ ದಿನಕ್ಕೆ ನಿಮ್ಮನ್ನು ತಯಾರು ಮಾಡುವುದಕ್ಕೆ ಹೋಗಬೇಕು. ಯಾವ ಮೊತ್ತಕ್ಕೆ ಒಪ್ಪಬಹುದು, ಯಾವುದಕ್ಕೆ ಕೂಡದು, ಯಾವ ಪ್ರಶ್ನೆಗೆ ಲಿಖಿತವಾಗಿ ಕೊಡುತ್ತೇನೆ ಎನ್ನಬೇಕು ಎಂದು ಕೂರಿಸಿಕೊಂಡು ಹೇಳಿಕೊಡುವ ವಕೀಲರು ಸಿಕ್ಕರೆ ಅವರನ್ನು ಬಿಡಬೇಡಿ.

ಗೆದ್ದರೆ ಏನು ಸಿಗುತ್ತದೆ ಎಂಬ ಪ್ರಶ್ನೆಗೆ ಪ್ರಾಮಾಣಿಕರು ಒಂದು ಅಂಕಿ ಹೇಳುವುದಿಲ್ಲ. ಮರುನೇಮಕ ಸಿಗಬಹುದು, ಅದರ ಬದಲು ಪರಿಹಾರ ಸಿಗಬಹುದು. ಹಿಂದಿನ ವೇತನ ಪೂರ್ತಿ, ಅರ್ಧ ಅಥವಾ ಸೊನ್ನೆ. ಈ ನಡುವೆ ತನಗೆ ಬೇರೆ ಲಾಭದಾಯಕ ಕೆಲಸ ಸಿಕ್ಕಿಲ್ಲ ಎಂದು ನೌಕರ ಹೇಳಿದರೆ, ಸಿಕ್ಕಿದೆ ಎಂದು ತೋರಿಸುವ ಹೊಣೆ ಮಾಲೀಕನದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಆದರೆ ಆ ಮಾತನ್ನು ಅರ್ಜಿಯಲ್ಲಿ ಹೇಳಲೇಬೇಕು. ಹಾಗೆಂದು ಹೊಸ ಕೆಲಸ ಹುಡುಕದೆ ಮನೆಯಲ್ಲಿ ಕೂರಬೇಡಿ. ಅಕ್ಕನ ಮಗನಿಗೆ ವಕೀಲರು ಅದನ್ನೇ ಹೇಳಿದರು: ಕೆಲಸ ಹುಡುಕು, ಸಿಕ್ಕಿದ ದಿನ ನನಗೆ ತಿಳಿಸು, ಮುಚ್ಚಿಡಬೇಡ.

ಆ ಸಂಜೆ ಎಂಟೂವರೆಗೆ ಅವರು ಅವನಿಗೆ ಫೋನ್ ತೆಗೆಯಲು ಹೇಳಿ, ಎಚ್‌ಆರ್ ವಿಭಾಗಕ್ಕೆ ಅವನ ಸ್ವಂತ ಮೇಲ್‌ನಿಂದ ಏನು ಬರೆಯಬೇಕೆಂದು ಕನ್ನಡದಲ್ಲಿ ಹೇಳುತ್ತಾ ಹೋದರು, ಅವನು ಇಂಗ್ಲಿಷಿನಲ್ಲಿ ಟೈಪ್ ಮಾಡಿದ. ಶುಕ್ರವಾರ ಮೂರು ಗಂಟೆಗೆ ಯಾವ ಕೋಣೆಯಲ್ಲಿ, ಯಾರು ಯಾರು ಇದ್ದರು, ಏನು ಹೇಳಿದರು, ರಾಜೀನಾಮೆ ನನ್ನ ಇಚ್ಛೆಯಿಂದ ಕೊಟ್ಟದ್ದಲ್ಲ, ಅದನ್ನು ಹಿಂಪಡೆಯುತ್ತಿದ್ದೇನೆ, ಸೋಮವಾರದಿಂದ ಕೆಲಸಕ್ಕೆ ಬರಲು ಸಿದ್ಧನಿದ್ದೇನೆ. ಒಟ್ಟು ಒಂಬತ್ತು ಸಾಲು, ಒಂದೂ ಸಿಟ್ಟಿನ ಮಾತಿರಲಿಲ್ಲ. ಬಲವಂತದ ರಾಜೀನಾಮೆ ಎಂದು ಸಾಬೀತು ಮಾಡುವ ಹೊರೆ ನೌಕರನ ಮೇಲೇ ಇರುವುದರಿಂದ ಇದು ಇವತ್ತೇ ಹೋಗಬೇಕು, ಆರು ತಿಂಗಳ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ ಎಂದರು. ಮೆಟ್ಟಿಲಿಳಿಯುವ ಮೊದಲು ಅವನು ಅದನ್ನು ಕಳಿಸಿದ. ಎರಡು ತಿಂಗಳ ನಂತರ ಸಂಧಾನದ ಮೊದಲ ಸಭೆಯಲ್ಲಿ ಕಂಪನಿಯ ಪ್ರತಿನಿಧಿ, ಇವರು ಸಂತೋಷದಿಂದಲೇ ಬಿಟ್ಟು ಹೋದವರು ಎಂದಾಗ, ಅಧಿಕಾರಿ ಕಡತ ತೆರೆದು ಆ ಮೇಲ್‌ನ ತಾರೀಕನ್ನು ಗಟ್ಟಿಯಾಗಿ ಓದಿದರು.